ವಿಚಿತ್ರ ಸುದ್ದಿ ಓದಿ ನಕ್ಕಿದ್ದು ತಪ್ಪಾ? ಒಬ್ಬ ಕ್ರೈಮ್ ಕಥೆ ಹುಚ್ಚನ ಮಾತು

ಇವತ್ತು ಒಂದು ಕೊಲೆಯ ಕಥೆ ಹೇಳ್ತೀನಿ. ಸುಮಾರು ನೂರು ವರ್ಷ ಹಳೆಯದು. ಆದರೆ ಅದಕ್ಕಿಂತ ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ ಇದೆ.

ನನ್ನ ಫೋನಿನಲ್ಲಿ ‘ವಿಚಿತ್ರ’ ಅಂತ ಒಂದು ಫೋಲ್ಡರ್ ಇದೆ. ಪೇಪರಿನ ಒಳಪುಟದ ಮೂಲೆಯಲ್ಲಿ ಬರುತ್ತಲ್ಲ, ಐದಾರು ಸಾಲಿನ ಸುದ್ದಿ, ಅವುಗಳ ಸ್ಕ್ರೀನ್‌ಶಾಟ್‌ಗಳು. ಕದ್ದ ಬೈಕ್ ಕೆಟ್ಟು, ಅದರ ಮಾಲೀಕನ ಹತ್ತಿರವೇ ರಿಪೇರಿಗೆ ತಂದವನು. ದೇವಸ್ಥಾನದ ಹುಂಡಿ ಒಡೆಯೋ ಮುಂಚೆ ಕೈಮುಗಿದು, ಸಿಸಿಟಿವಿಗೆ ಸರಿಯಾಗಿ ಮುಖ ಕೊಟ್ಟವನು. ಇಂಥವು. ಈ ಸರಣಿಯಲ್ಲೇ ಹಿಂದೊಮ್ಮೆ ಅವುಗಳಲ್ಲಿ ಒಂದನ್ನು ಓದಿದ್ದೆ, ಕೆಲವರಿಗೆ ನೆನಪಿರಬಹುದು. ರಾತ್ರಿ ಕಳ್ಳತನಕ್ಕೆ ಅಂತ ಮನೆಗೆ ನುಗ್ಗಿದವನು ಅಡುಗೆಮನೆಯಲ್ಲಿದ್ದ ಅನ್ನ ಸಾರು ಊಟ ಮಾಡಿ, ಅಲ್ಲೇ ನಿದ್ದೆ ಹೋಗಿ, ಬೆಳಿಗ್ಗೆ ಮನೆಯವರ ಕೈಗೇ ಸಿಕ್ಕಿಬಿದ್ದ ಸುದ್ದಿ. ನಾನು ಅದಕ್ಕೆ ಗೊರಕೆಯ ಸೌಂಡ್ ಎಫೆಕ್ಟ್ ಕೂಡ ಹಾಕಿದ್ದೆ. ಒಳ್ಳೇ ರೆಸ್ಪಾನ್ಸ್ ಬಂತು. ಆ ಒಂದು ನಿಮಿಷದ ಕ್ಲಿಪ್ ಎಲ್ಲೆಲ್ಲೋ ಓಡಾಡಿತು.

ಹತ್ತು ದಿನ ಆದಮೇಲೆ ಒಂದು ಮೆಸೇಜ್ ಬಂತು. ಕೇಳುಗರೊಬ್ಬರದ್ದು. ಬೈದಿರಲಿಲ್ಲ. ‘ಸರ್, ಅವನು ನನ್ನ ಜೊತೆ ಓದಿದವನು. ಅವನ ತಂಗಿಯ ಕಾಲೇಜ್ ಗ್ರೂಪಿಗೆ ನಿಮ್ಮ ಕ್ಲಿಪ್ ಬಂದಿದೆ. ಆ ಹುಡುಗಿ ಈಗ ಕಾಲೇಜಿಗೆ ಹೋಗ್ತಿಲ್ಲ.’ ಅಷ್ಟೇ ಇತ್ತು.

ಏನು ಉತ್ತರ ಕೊಡಬೇಕು ಅಂತ ಗೊತ್ತಾಗಲಿಲ್ಲ. ಸಾರಿ ಅಂತ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಆವತ್ತಿಂದ ತಲೆಯಲ್ಲಿ ಒಂದೇ ಪ್ರಶ್ನೆ. ನಾನು ಚಿಕ್ಕಂದಿನಿಂದ ಕ್ರೈಮ್ ಕಥೆ ಓದಿಕೊಂಡೇ ಬೆಳೆದವನು. ಕೊಲೆ, ಕಳ್ಳತನ, ಮೋಸ ಇಲ್ಲದಿದ್ದರೆ ನನಗೆ ಪುಸ್ತಕವೇ ಸೇರಲ್ಲ. ಹಾಗಾದರೆ ನಾನು ಇಷ್ಟು ವರ್ಷ ಓದಿದ್ದು ಬೇರೆಯವರ ಕಷ್ಟ ನೋಡಿ ಮಜಾ ತಗೊಳ್ಳೋದನ್ನಾ?

ಇದಕ್ಕೆ ಉತ್ತರ ಹುಡುಕ್ತಾ ನನಗೆ ತುಂಬಾ ಇಷ್ಟದ ಒಂದು ಸಿನಿಮಾಕ್ಕೆ ವಾಪಸ್ ಹೋದೆ. ಆ ಸಿನಿಮಾದ ಹಿಂದೆ ಒಂದು ಪುಸ್ತಕ ಇದೆ. ಪುಸ್ತಕದ ಹಿಂದೆ ಒಂದು ಸುದ್ದಿ ಇದೆ. ಮೂರನ್ನೂ ಹೇಳ್ತೀನಿ ಕೇಳಿ.

ಮೊದಲು ನನ್ನ ಹುಚ್ಚಿನ ಬಗ್ಗೆ ಎರಡು ಮಾತು. ನಮ್ಮ ಕಡೆ ಈ ಹುಚ್ಚು ಬಹಳ ಜನಕ್ಕೆ ಹತ್ತಿಸಿದವರು ಎನ್. ನರಸಿಂಹಯ್ಯ. ಅವರ ಪತ್ತೇದಾರ ಪುರುಷೋತ್ತಮನನ್ನು ನಮ್ಮಪ್ಪನ ಕಾಲದವರು ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಒಂದೇ ರಾತ್ರಿಯಲ್ಲಿ ಓದಿ, ಬೆಳಿಗ್ಗೆ ವಾಪಸ್ ಕೊಡ್ತಿದ್ದರು. ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಆಮೇಲೆ ಕಾಲೇಜಿನಲ್ಲಿ ಫುಟ್‌ಪಾತ್ ಮೇಲೆ ಡ್ಯಾಶಿಯಲ್ ಹ್ಯಾಮೆಟ್ ಸಿಕ್ಕಿದ. ಅಲ್ಲಿಗೆ ನನ್ನ ಕಥೆ ಮುಗೀತು ಅನ್ನಿ.

ಹ್ಯಾಮೆಟ್ ಬರೆದಿದ್ದಕ್ಕೆ ‘ಹಾರ್ಡ್‌ಬಾಯ್ಲ್ಡ್’ ಅಂತಾರೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಇದೆಯಲ್ಲ, ಅದೇ. ಒಡೆದರೂ ಒಳಗಿಂದ ಏನೂ ಸುರಿಯಲ್ಲ. ಆ ಥರದ ಮನುಷ್ಯರ ಕಥೆ. ಹ್ಯಾಮೆಟ್ ನಿಜವಾಗಿಯೂ ಪಿಂಕರ್ಟನ್ ಅನ್ನೋ ಪತ್ತೇದಾರಿ ಕಂಪನಿಯಲ್ಲಿ ಕೆಲಸ ಮಾಡಿದ್ದವನು. 1920ರ ದಶಕದಲ್ಲಿ ‘ಬ್ಲ್ಯಾಕ್ ಮಾಸ್ಕ್’ ಅನ್ನೋ ಅಗ್ಗದ ಪತ್ರಿಕೆಗೆ ಬರೆಯೋಕೆ ಶುರು ಮಾಡಿದ. ಆಗಿನ ಇಂಗ್ಲಿಷ್ ಪತ್ತೇದಾರಿ ಕಥೆ ಅಂದರೆ ಹೆಚ್ಚಾಗಿ ಒಂದು ದೊಡ್ಡ ಬಂಗಲೆ, ಒಂದು ಹೆಣ, ಹತ್ತು ಜನ ಅತಿಥಿಗಳು, ಕೊನೆಗೆ ಒಬ್ಬ ಬುದ್ಧಿವಂತ ಎಲ್ಲರನ್ನೂ ಕೂರಿಸಿಕೊಂಡು ಉತ್ತರ ಹೇಳೋದು. ಹಾರ್ಡ್‌ಬಾಯ್ಲ್ಡ್ ಕಥೆ ಬೀದಿಗೆ ಬಂತು. ಇಲ್ಲಿ ಕೊಲೆ ಒಗಟಲ್ಲ. ಸಾಲ, ಆಸೆ, ಭಯ, ಬಾಡಿಗೆ ಕಟ್ಟೋ ಚಿಂತೆ, ಇವುಗಳ ನಡುವೆ ಆಗೋ ಒಂದು ಘಟನೆ. ‘ದಿ ಬಿಗ್ ಸ್ಲೀಪ್’ ಬರೆದ ರೇಮಂಡ್ ಚಾಂಡ್ಲರ್ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ಅದನ್ನು ಸಿನಿಮಾ ಮಾಡುವಾಗ, ಡ್ರೈವರ್‌ನನ್ನು ಕೊಂದಿದ್ದು ಯಾರು ಅಂತ ಅವನನ್ನೇ ಕೇಳಿದರಂತೆ. ಅವನಿಗೂ ಗೊತ್ತಿರಲಿಲ್ಲವಂತೆ! ಯಾರು ಕೊಂದರು ಅನ್ನೋದಕ್ಕಿಂತ ಹೇಗೆ ಬದುಕ್ತಿದ್ದರು ಅನ್ನೋದೇ ಅವನಿಗೆ ಮುಖ್ಯ.

ಈಗ ಸುದ್ದಿಗೆ ಬರೋಣ.

1927ರ ಮಾರ್ಚ್ 20. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಒಂದು ಸಾಧಾರಣ ಮನೆ. ಬೆಳಗಿನ ಜಾವ ಒಂಬತ್ತು ವರ್ಷದ ಹುಡುಗಿಯೊಬ್ಬಳು ಸದ್ದಿಗೆ ಎದ್ದು ಬಂದು ನೋಡ್ತಾಳೆ. ಅಮ್ಮನ ಕೈಕಾಲು ಕಟ್ಟಿಹಾಕಿದೆ. ಪಕ್ಕದ ಮನೆಯವರನ್ನು ಕರೀತಾಳೆ. ಅಪ್ಪ ಹಾಸಿಗೆ ಮೇಲೆ ಸತ್ತಿದ್ದಾನೆ. ಅಪ್ಪ ಆಲ್ಬರ್ಟ್ ಸ್ನೈಡರ್, ಒಂದು ದೋಣಿ ಪತ್ರಿಕೆಯಲ್ಲಿ ಕಲಾ ಸಂಪಾದಕ. ಅಮ್ಮ ರುತ್ ಸ್ನೈಡರ್. ಕಳ್ಳರು ಬಂದರು, ನನ್ನನ್ನು ಕಟ್ಟಿಹಾಕಿದರು, ಒಡವೆ ದೋಚಿದರು ಅಂತಾಳೆ ರುತ್.

ಪೊಲೀಸರು ಹುಡುಕಿದರೆ, ದೋಚಿದ ಒಡವೆ ಅವಳದೇ ಹಾಸಿಗೆಯ ಕೆಳಗೆ! ಹೊರಗಿನವರು ಬಂದಿದ್ದರು ಅಂತ ತೋರಿಸೋಕೆ ಮನೆಯಲ್ಲಿ ಒಂದು ಇಟಾಲಿಯನ್ ಪೇಪರ್ ಬಿಟ್ಟಿದ್ದರು. ಯಾರೂ ನಂಬಲಿಲ್ಲ. ಸ್ವಲ್ಪ ಹೊತ್ತಲ್ಲೇ ಎಲ್ಲಾ ಹೊರಬಂತು. ರುತ್‌ಗೆ ಜಡ್ ಗ್ರೇ ಅನ್ನೋ ಗೆಳೆಯ ಇದ್ದ, ಹೆಂಗಸರ ಕಾರ್ಸೆಟ್ ಮಾರೋ ಸೇಲ್ಸ್‌ಮನ್. ಇಬ್ಬರೂ ಸೇರಿ ಕೊಂದಿದ್ದರು. ಗಂಡನಿಗೆ ಸರಿಯಾಗಿ ಗೊತ್ತಾಗದ ಹಾಗೆ ಅವನ ಹೆಸರಲ್ಲಿ ದೊಡ್ಡ ವಿಮೆ ಮಾಡಿಸಿದ್ದಳು. ಆ ಪಾಲಿಸಿಯಲ್ಲಿ ‘ಡಬಲ್ ಇಂಡೆಮ್ನಿಟಿ’ ಅನ್ನೋ ಷರತ್ತು ಇತ್ತು. ಅಂದರೆ ಕಾಯಿಲೆ ಬಂದು ಸತ್ತರೆ ಒಂದು ಲೆಕ್ಕ, ಅಪಘಾತದಂಥ ಸಾವಾದರೆ ಹಣ ಇಮ್ಮಡಿ.

ಹೇಳಿ, ಇದು ‘ವಿಚಿತ್ರ’ ಫೋಲ್ಡರಿಗೆ ಹೇಳಿಮಾಡಿಸಿದ ಸುದ್ದಿ ಅಲ್ವಾ? ಆಗಿನವರಿಗೂ ಹಾಗೇ ಅನ್ನಿಸಿತು. ವಿಚಾರಣೆ ನೋಡೋಕೆ ಜಾತ್ರೆಯ ಹಾಗೆ ಜನ ಸೇರಿದರು. ಸಿನಿಮಾ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಬಂದ, ತತ್ವಶಾಸ್ತ್ರದ ಬಗ್ಗೆ ಬರೀತಿದ್ದ ವಿಲ್ ಡ್ಯೂರಾಂಟ್ ಬಂದ. ಪತ್ರಕರ್ತ ಡೇಮನ್ ರನ್ಯನ್ ಇದನ್ನು ದಡ್ಡರ ಕೊಲೆ ಅಂತಲೇ ಕರೆದ. ಪೇಪರ್‌ಗಳು ರುತ್‌ಗೆ ‘ಗ್ರಾನೈಟ್ ಹೆಂಗಸು’ ಅಂತ ಹೆಸರಿಟ್ಟವು. ಮೇ ತಿಂಗಳಲ್ಲಿ ಇಬ್ಬರಿಗೂ ಮರಣದಂಡನೆ ಆಯಿತು.

1928ರ ಜನವರಿ 12ರ ರಾತ್ರಿ, ಸಿಂಗ್ ಸಿಂಗ್ ಜೈಲಿನಲ್ಲಿ ವಿದ್ಯುತ್ ಕುರ್ಚಿ. ಸಾಕ್ಷಿಗಳಾಗಿ ಪತ್ರಕರ್ತರಿಗೆ ಒಳಗೆ ಬಿಡ್ತಾರೆ, ಆದರೆ ಕ್ಯಾಮೆರಾ ಕಡ್ಡಾಯವಾಗಿ ಬೇಡ. ‘ನ್ಯೂಯಾರ್ಕ್ ಡೈಲಿ ನ್ಯೂಸ್’ ಏನು ಮಾಡಿತು ಗೊತ್ತಾ? ನ್ಯೂಯಾರ್ಕಿನ ಫೋಟೋಗ್ರಾಫರ್‌ಗಳ ಮುಖ ಜೈಲಿನವರಿಗೆ ಪರಿಚಯ ಇರುತ್ತೆ ಅಂತ ಹೊರಗಿನಿಂದ ಟಾಮ್ ಹೋವರ್ಡ್ ಅನ್ನೋವನನ್ನು ಕರೆಸಿತು. ಅವನ ಕಾಲಿನ ಗಿಣ್ಣಿಗೆ ಒಂದು ಪುಟ್ಟ ಕ್ಯಾಮೆರಾ ಕಟ್ಟಿತು. ಪ್ಯಾಂಟಿನ ಒಳಗಿಂದ ಒಂದು ತಂತಿ ಮೇಲಕ್ಕೆ. ಒಂದೇ ಪ್ಲೇಟ್, ಒಂದೇ ಅವಕಾಶ. ಕರೆಂಟ್ ಹರಿಯುವಾಗ ಹೋವರ್ಡ್ ಪ್ಯಾಂಟ್ ಸ್ವಲ್ಪ ಎತ್ತಿ ಗುಂಡಿ ಒತ್ತಿದ. ಮಾರನೇ ದಿನ ಮುಖಪುಟದ ತುಂಬಾ ಮಸುಕಾದ ಆ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ ‘ಸತ್ತಳು!’ ಅನ್ನೋ ಒಂದೇ ಪದ. ಆ ಕ್ಯಾಮೆರಾ ಇವತ್ತು ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ಈ ಕಥೆಯನ್ನು ನಾನು ಎಷ್ಟೋ ಸಲ ಫ್ರೆಂಡ್ಸ್‌ಗೆ ಹೇಳಿದ್ದೀನಿ. ಕಾಲಿಗೆ ಕಟ್ಟಿದ ಕ್ಯಾಮೆರಾ, ಏನ್ ಐಡಿಯಾ ಗುರು, ಅಂತ. ಆ ಮೆಸೇಜ್ ಬಂದ ಮೇಲೆ ಮೊದಲ ಸಲ ಆ ಒಂಬತ್ತು ವರ್ಷದ ಹುಡುಗಿ ನೆನಪಾದಳು. ಅಮ್ಮನ ಆ ಫೋಟೋ ಊರೆಲ್ಲಾ ಮಾರಾಟ ಆಗುವಾಗ ಅವಳು ಎಲ್ಲಿದ್ದಳು? ಅವಳ ಪಾಲಿಗೆ ಅದು ವಿಚಿತ್ರ ಸುದ್ದಿ ಅಲ್ಲ, ಅಮ್ಮ.

ಈಗ ಪುಸ್ತಕ. ಆ ಕಾಲದಲ್ಲಿ ನ್ಯೂಯಾರ್ಕಿನಲ್ಲೇ ಪತ್ರಿಕೆಯ ಕೆಲಸದಲ್ಲಿದ್ದವನು ಜೇಮ್ಸ್ ಎಂ. ಕೇನ್. ಎಲ್ಲರೂ ನಕ್ಕು ಮರೆತ ಮೇಲೂ ಈ ಪ್ರಕರಣ ಅವನನ್ನು ಬಿಡಲಿಲ್ಲ. 1934ರಲ್ಲಿ ಬಂದ ಅವನ ‘ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್’ನಲ್ಲೂ ಇದರ ನೆರಳಿದೆ. 1936ರಲ್ಲಿ ‘ಲಿಬರ್ಟಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದರ ಹೆಸರೇ ‘ಡಬಲ್ ಇಂಡೆಮ್ನಿಟಿ’.

ಕೇನ್ ಮಾಡಿದ್ದು ಒಂದೇ ಬದಲಾವಣೆ, ಆದರೆ ಅದೇ ಎಲ್ಲಾ. ಪೇಪರಿನವರು ಕೊಲೆಗಾರರನ್ನು ಹೊರಗೆ ನಿಂತು ನೋಡಿದರು. ಇವನು ನಮ್ಮನ್ನು ಕೊಲೆಗಾರನ ಒಳಗೆ ಕೂರಿಸಿದ. ಕಥೆ ಹೇಳೋನು ಒಬ್ಬ ವಿಮೆ ಏಜೆಂಟ್. ಬುದ್ಧಿವಂತ, ಒಳ್ಳೆ ಕೆಲಸಗಾರ, ನಮ್ಮ ನಿಮ್ಮ ಥರದವನು. ಒಂದು ಸಹಿಗೆ ಅಂತ ಒಬ್ಬರ ಮನೆಗೆ ಹೋಗ್ತಾನೆ. ಅಲ್ಲಿಂದ ಒಂದೊಂದೇ ಹೆಜ್ಜೆ ಜಾರ್ತಾನೆ. ಪ್ರತಿ ಹೆಜ್ಜೆಯಲ್ಲೂ ನಮಗೆ ಅನ್ನಿಸುತ್ತೆ, ಇವನ ಜಾಗದಲ್ಲಿ ನಾನಿದ್ದರೂ ಇದನ್ನೇ ಮಾಡ್ತಿದ್ದೆನೇನೋ. ದಡ್ಡರು ಅಂತ ನಗೋಕೆ ಅವಕಾಶವೇ ಇಲ್ಲ. ಹೆಚ್ಚು ಕಡಿಮೆ ಅದೇ ಕಥೆ. ಒಂದು ಕಡೆ ನಗು ಬರುತ್ತೆ, ಇನ್ನೊಂದು ಕಡೆ ಕೈ ನಡುಗುತ್ತೆ.

ಕೊನೆಗೆ ಸಿನಿಮಾ. 1944. ನಿರ್ದೇಶಕ ಬಿಲ್ಲಿ ವೈಲ್ಡರ್, ಚಿತ್ರಕಥೆ ವೈಲ್ಡರ್ ಮತ್ತು ಅದೇ ರೇಮಂಡ್ ಚಾಂಡ್ಲರ್. ಗುಂಡೇಟು ತಿಂದ ಏಜೆಂಟ್ ನೆಫ್ ಮಧ್ಯರಾತ್ರಿ ಆಫೀಸಿಗೆ ಬಂದು, ಡಿಕ್ಟಾಫೋನ್ ಮುಂದೆ ಕೂತು ತನ್ನ ಕಥೆ ಹೇಳೋಕೆ ಶುರು ಮಾಡ್ತಾನೆ. ಕತ್ತಲಲ್ಲಿ ಒಬ್ಬನೇ ಕೂತು ಮೈಕಿಗೆ ತಪ್ಪೊಪ್ಪಿಗೆ! ಪಾಡ್‌ಕಾಸ್ಟ್ ಮಾಡೋರಿಗೆಲ್ಲಾ ಅವನೇ ಮೂಲಪುರುಷ ಅಂತ ನಾನು ತಮಾಷೆ ಮಾಡ್ತಿರ್ತೀನಿ. ಅವನು ಮಾತಾಡ್ತಿರೋದು ಕೀಸ್ ಅನ್ನೋ ಹಿರಿಯ ಸಹೋದ್ಯೋಗಿಗೆ. ಸುಳ್ಳು ಕ್ಲೇಮುಗಳನ್ನು ಮೂಗಿನಲ್ಲೇ ಹಿಡಿಯೋ ಮನುಷ್ಯ. ಕೀಸ್ ಹತ್ತಿರ ಸಿಗಾರ್ ಇರುತ್ತೆ, ಬೆಂಕಿಕಡ್ಡಿ ಇರಲ್ಲ. ಪ್ರತಿ ಸಲ ನೆಫ್ ತನ್ನ ಹೆಬ್ಬೆರಳಿನ ಉಗುರಲ್ಲಿ ಕಡ್ಡಿ ಗೀರಿ ಹಚ್ಚಿಕೊಡ್ತಾನೆ.

ಈಗ ಗಮನ ಇಟ್ಟು ಕೇಳಿ. ವೈಲ್ಡರ್ ಈ ಸಿನಿಮಾಕ್ಕೆ ಬೇರೆ ಕೊನೆ ಚಿತ್ರೀಕರಣ ಮಾಡಿದ್ದ. ನೆಫ್‌ನನ್ನು ಗ್ಯಾಸ್ ಚೇಂಬರಿನಲ್ಲಿ ಕೊಲ್ಲೋ ದೃಶ್ಯ. ಅದಕ್ಕೆ ದೊಡ್ಡ ಸೆಟ್ ಹಾಕಿಸಿ, ಬೇಕಾದಷ್ಟು ದುಡ್ಡು ಸುರಿದು ತೆಗೆದ. ಆಮೇಲೆ ಪೂರ್ತಿ ಕಿತ್ತುಹಾಕಿದ. ಈಗ ನಾವು ನೋಡೋ ಸಿನಿಮಾದಲ್ಲಿ ನೆಫ್ ಓಡಿಹೋಗೋಕೆ ನೋಡಿ ಆಫೀಸಿನ ಬಾಗಿಲಲ್ಲೇ ಕುಸಿದು ಬೀಳ್ತಾನೆ. ಕೀಸ್ ಪಕ್ಕದಲ್ಲಿ ಕೂರ್ತಾನೆ. ನೆಫ್‌ಗೆ ಸಿಗರೇಟ್ ಹಚ್ಚಿಕೊಳ್ಳೋಕೂ ಶಕ್ತಿ ಇಲ್ಲ. ಈ ಸಲ ಕಡ್ಡಿ ಗೀರೋದು ಕೀಸ್. ಅಷ್ಟೇ. ಸಿನಿಮಾ ಮುಗಿಯುತ್ತೆ.

ಒಂದೇ ಪ್ರಕರಣದಿಂದ ಹೊರಟ ಎರಡು ಚಿತ್ರ. ಒಬ್ಬರು ಸಾವನ್ನು ತೋರಿಸಲೇಬೇಕು ಅಂತ ಕಾಲಿಗೆ ಕ್ಯಾಮೆರಾ ಕಟ್ಟಿದರು. ಇನ್ನೊಬ್ಬ ಅಷ್ಟು ಖರ್ಚು ಮಾಡಿ ತೆಗೆದ ಸಾವನ್ನೂ ಬೇಡ ಅಂತ ಕತ್ತರಿಸಿದ. ನೆಫ್ ತಪ್ಪು ಮಾಡಿಲ್ಲ ಅಂತ ವೈಲ್ಡರ್ ಎಲ್ಲೂ ಹೇಳಲ್ಲ. ಅವನು ಕೊಲೆಗಾರ, ಶಿಕ್ಷೆ ಖಾತ್ರಿ. ಆದರೂ ಪಕ್ಕದಲ್ಲಿ ಒಬ್ಬ ಕೂರ್ತಾನೆ. ಹಾರ್ಡ್‌ಬಾಯ್ಲ್ಡ್ ಅಂದರೆ ಕಲ್ಲು ಹೃದಯ ಅಂತ ನಾನು ಅಂದುಕೊಂಡಿದ್ದೆ. ಗಟ್ಟಿ ಇರೋದು ಹೊರಗಿನ ಮಾತು ಮಾತ್ರ.

ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ? ಕ್ರೈಮ್ ಕಥೆ ಓದಿದ್ದು ತಪ್ಪಲ್ಲ. ಓದಿದ್ದನ್ನು ಗೊರಕೆ ಸೌಂಡ್ ಹಾಕುವಾಗ ಮರೆತಿದ್ದು ತಪ್ಪು. ನಾನು ಕೇನ್‌ನ ಅಭಿಮಾನಿ ಅಂತ ಹೇಳಿಕೊಂಡು, ಆ ದಿನ ಮಾಡಿದ್ದು ಟಾಮ್ ಹೋವರ್ಡ್‌ನ ಕೆಲಸ. ಈಗ ಫೋನು ನಮ್ಮೆಲ್ಲರ ಕೈಯಲ್ಲೂ ಇದೆ. ಕಾಲಿಗೆ ಕಟ್ಟಿಕೊಳ್ಳೋ ತೊಂದರೆಯೂ ಇಲ್ಲ.

ಫೋಲ್ಡರ್ ಡಿಲೀಟ್ ಮಾಡ್ಲಿಲ್ಲ, ಸುಳ್ಳು ಹೇಳಲ್ಲ. ವಿಚಿತ್ರ ಸುದ್ದಿ ಇನ್ನೂ ಇಷ್ಟವೇ. ಆದರೆ ಆ ಎಪಿಸೋಡಿನಿಂದ ಆ ಭಾಗವನ್ನು ತೆಗೆದಿದ್ದೀನಿ. ಓಡಾಡ್ತಿರೋ ಕ್ಲಿಪ್ ನನ್ನ ಕೈಯಲ್ಲಿಲ್ಲ. ನಿಮ್ಮ ಯಾವುದಾದರೂ ಗ್ರೂಪಿಗೆ ಬಂದರೆ ಅಲ್ಲಿಗೇ ನಿಲ್ಲಿಸಿಬಿಡಿ, ಇದು ನನ್ನ ಕೋರಿಕೆ.

ಮೊನ್ನೆ ರಾತ್ರಿ ಆ ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಓದಿದೆ. ಆರು ಸಾಲು. ಈ ಸಲ ನಿಧಾನಕ್ಕೆ ಓದಿದೆ, ಕೇನ್ ಓದುವ ಹಾಗೆ. ಬೀರು ತೆರೆದಿದ್ದ ಅಂತ ಇರಲಿಲ್ಲ. ಒಡವೆ, ದುಡ್ಡು, ಫೋನು, ಯಾವುದರ ಮಾತೂ ಇರಲಿಲ್ಲ. ಅವನು ಮುಟ್ಟಿದ್ದು ಅಂತ ಆ ಸುದ್ದಿಯಲ್ಲಿ ಇದ್ದಿದ್ದು ಒಂದೇ. ಅನ್ನ, ಸಾರು.