ಜೋಡಿ ನೋಡಿ ಜೋಡಿಸಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಯುವಜನರಿಗಾಗಿ ನಡೆದ ದ್ವಿಚಕ್ರ ವಾಹನ ದುರಸ್ತಿ ತರಬೇತಿಯ ಸಮಾರೋಪದಲ್ಲಿ ಸಿಸ್ಟರ್ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಾರೋಪ ಅಂದರೆ ನಾಲ್ಕು ಬುದ್ಧಿಮಾತು ಹೇಳಿ ಪ್ರಮಾಣಪತ್ರ ಹಂಚುವುದು ರೂಢಿ. ಇವತ್ತು ಹಾಗೆ ಬೇಡ. ಕಳೆದ ವಾರ ನೀವು ಮಾಡಿದ ಒಂದೇ ಒಂದು ಕೆಲಸದ ಬಗ್ಗೆ ಮಾತಾಡೋಣ. ಮೇಸ್ತ್ರಿಗಳು ಗುಜರಿಯಿಂದ ತಂದ ಒಂದು ಗೋಣಿಚೀಲವನ್ನು ನಿಮ್ಮ ಮುಂದೆ ಸುರಿದರು. ಹಳೆಯ ಜಾವಾ, ಯೆಜ್ಡಿ, ಬುಲೆಟ್ ಗಾಡಿಗಳ ಮುಂದಿನ ಫೋರ್ಕಿನ ಪೈಪು, ಬಾಟಮ್, ಸ್ಪ್ರಿಂಗ್, ಬುಷ್, ನಟ್ಟು ಎಲ್ಲವೂ ಅದರಲ್ಲಿ ಕಲಸಿಹೋಗಿದ್ದವು. "ಯಾವುದು ಯಾವ ಗಾಡಿದು, ಯಾವುದಕ್ಕೆ ಯಾವುದು ಜೋಡಿ, ಹುಡುಕ್ರಪ್ಪ" ಅಂದರು. ಬಹಳ ಜನ ಕಣ್ಣಳತೆಯಲ್ಲೇ ಜೋಡಿ ಮಾಡಿ ಇಟ್ಟಿರಿ. ಆಮೇಲೆ ಅಳೆದು ನೋಡಿದಾಗ ಅರ್ಧಕ್ಕರ್ಧ ಜೋಡಿಗಳು ಜೋಡಿಯೇ ಆಗಿರಲಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ. ರಸ್ತೆಯಲ್ಲಿ ಎಷ್ಟೋ ಹಳೆಯ ಗಾಡಿಗಳು ಇಂಥ ಸುಳ್ಳು ಜೋಡಿಯ ಮೇಲೇ ಓಡುತ್ತಿವೆ.

ಹಳೆಯ ಗಾಡಿಯ ಮಾತು ನಮಗೆ ಯಾಕೆ ಅಂತ ನೀವು ಕೇಳಬಹುದು. ನಮ್ಮ ಸೀಮೆಗೂ ಈ ಗಾಡಿಗಳಿಗೂ ಹತ್ತಿರದ ನಂಟಿದೆ. ಶ್ರೀರಂಗಪಟ್ಟಣದಿಂದ ಅರ್ಧ ಗಂಟೆಯ ದಾರಿಯಲ್ಲಿ, ಮೈಸೂರಿನ ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಿಂದ ಅಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಗಾಡಿ ತಯಾರಾಯಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದರೂ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಉಳಿದವು. ಹಾಲಿನ ಕ್ಯಾನು ಹೊತ್ತವು, ಮೇವಿನ ಹೊರೆ ಹೊತ್ತವು, ಮಕ್ಕಳನ್ನು ಶಾಲೆಗೆ ಮುಟ್ಟಿಸಿದವು. ಕಂಪನಿಯ ಬಿಡಿಭಾಗ ನಿಂತುಹೋದ ಮೇಲೆ ಉಳಿದದ್ದು ಮೂರೇ ದಾರಿ: ಹಳೆಯ ದಾಸ್ತಾನು, ಬೇರೆಯವರು ನೋಡಿ ಮಾಡಿದ ನಕಲು, ಇಲ್ಲವೇ ಇನ್ನೊಂದು ಗಾಡಿ ಬಿಚ್ಚಿದ ಮಾಲು. ಮೂರರಲ್ಲೂ ಗುರುತು ಹಿಡಿಯುವ ಕಣ್ಣು, ಅಳೆಯುವ ಕೈ ಎರಡೂ ಬೇಕು.

ನಾನು ಮೆಕ್ಯಾನಿಕ್ ಅಲ್ಲ. ಮೇಸ್ತ್ರಿಗಳು ನಿಮಗೆ ಕಲಿಸಿದ್ದನ್ನೇ ಮರೆತುಹೋಗಬಾರದು ಅಂತ ಒಂದು ಕಡೆ ಕೂಡಿಸಿ ಹೇಳುತ್ತೇನೆ.

ಮೊದಲು ಗಾಡಿಯ ಗುರುತು. ಟ್ಯಾಂಕಿನ ಮೇಲಿನ ಹೆಸರು ನಂಬಬೇಡಿ. ಟ್ಯಾಂಕು ಯಾವಾಗ ಬೇಕಾದರೂ ಬದಲಾಗಿರಬಹುದು. ಚಾಸಿಸ್ ನಂಬರು ನೋಡಿ, ಆರ್.ಸಿ. ಪುಸ್ತಕದ ವರ್ಷ, ಮಾದರಿ ಜೊತೆ ತಾಳೆ ಹಾಕಿ. ಹಳೆಯ ಜಾವಾ 250ರಲ್ಲಿ ಹೆಡ್‌ಲೈಟು, ಸ್ಪೀಡೋಮೀಟರು ಎರಡನ್ನೂ ಫೋರ್ಕಿನ ಮೇಲಿನ ಒಂದೇ ತಗಡಿನ ಹೊದಿಕೆ ಹಿಡಿದಿರುತ್ತದೆ. ಚಕ್ರ 16 ಇಂಚು. ರೋಡ್‌ಕಿಂಗ್‌ನಲ್ಲಿ ಹೆಡ್‌ಲೈಟು ಬೇರೆಯಾಗಿ ನಿಂತಿರುತ್ತದೆ. ಚಕ್ರ 18 ಇಂಚು. ಎರಡೂ ಒಂದೇ ಕಾರ್ಖಾನೆಯವು, ಹಾಗಂತ ಒಂದರ ಫೋರ್ಕು ಇನ್ನೊಂದಕ್ಕೆ ಅಳೆಯದೆ ಹಾಕುವಂತಿಲ್ಲ. ಇನ್ನು 2018ರಿಂದ ಬಂದ ಹೊಸ ಜಾವಾ ಬೇರೆ ಕಂಪನಿಯ, ಬೇರೆ ವಿನ್ಯಾಸದ ಗಾಡಿ. ಹೆಸರು ಒಂದೇ, ಸಾಮಾನು ಒಂದೇ ಅಲ್ಲ.

ಎರಡನೆಯದು ಅಳತೆ. ಪೈಪನ್ನು ವರ್ನಿಯರ್‌ನಲ್ಲಿ ಒಂದೇ ಕಡೆ ಅಳೆದರೆ ಸಾಲದು. ಬುಷ್ ಉಜ್ಜುವ ಜಾಗದಲ್ಲಿ ಒಂದು ಸಲ, ಸವೆಯದ ಮೇಲ್ಭಾಗದಲ್ಲಿ ಒಂದು ಸಲ, ಆಮೇಲೆ ಅಡ್ಡ ತಿರುಗಿಸಿ ಇನ್ನೊಂದು ಸಲ ಅಳೆಯಿರಿ. ಸವೆತ ಎಷ್ಟು ಅಂತ ಆಗ ಗೊತ್ತಾಗುತ್ತದೆ. ಪೈಪು ನೆಟ್ಟಗಿದೆಯಾ ಅಂತ ನೋಡಲು ದಪ್ಪ ಗಾಜಿನ ಮೇಲೆ ಉರುಳಿಸಿ. ಡೊಂಕಿದ್ದರೆ ಅಡಿಯಲ್ಲಿ ಬೆಳಕು ಕಾಣುತ್ತದೆ. ಎರಡೂ ಪೈಪಿನ ಉದ್ದ ಒಂದೇ ಇರಬೇಕು. ಎರಡು ಸ್ಪ್ರಿಂಗನ್ನು ಪಕ್ಕಪಕ್ಕ ನಿಲ್ಲಿಸಿ ಎತ್ತರ, ಸುತ್ತಿನ ಲೆಕ್ಕ, ತಂತಿಯ ದಪ್ಪ ಮೂರನ್ನೂ ನೋಡಿ. ಒಂದು ಗಿಡ್ಡ ಆಗಿದ್ದರೆ ಅದು ಸೋತಿದೆ ಅಂತಲೇ ಅರ್ಥ, ಜೋಡಿಯನ್ನೇ ಬದಲಿಸಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದರೆ ಬುಷ್ ಓರೆಯಾಗಿ ಸವೆಯುತ್ತದೆ, ಸೀಲು ಸೋರುತ್ತದೆ.

ಆಯಿಲ್ ಸೀಲಿಗೆ ಮೂರು ಅಂಕಿ ಇರುತ್ತವೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಮೂರೂ ಬರೆದುಕೊಂಡು ಅಂಗಡಿಗೆ ಹೋಗಿ. "ಯೆಜ್ಡಿದು ಕೊಡಿ" ಅಂತ ಬಾಯಲ್ಲಿ ಕೇಳಿದರೆ ಅಂಗಡಿಯವರ ಕೈಗೆ ಯಾವುದು ಸಿಗುತ್ತೋ ಅದು ಬರುತ್ತದೆ. ಎರಡೂ ಕಾಲಿಗೆ ಆಯಿಲ್ ಅಳತೆಯ ಪಾತ್ರೆಯಲ್ಲೇ ಅಳೆದು ಸಮ ಹಾಕಿ.

ಮರೆ (ಥ್ರೆಡ್) ವಿಷಯದಲ್ಲಿ ಇನ್ನೂ ಎಚ್ಚರ. ಜಾವಾ, ಯೆಜ್ಡಿ ಗಾಡಿಗಳ ಮರೆ ಮಿಲಿಮೀಟರ್ ಲೆಕ್ಕದ್ದು. ಇಂಗ್ಲೆಂಡಿನ ವಿನ್ಯಾಸದಿಂದ ಬಂದ ಹಳೆಯ ಬುಲೆಟ್ಟಿನಲ್ಲಿ ಇಂಚಿನ ಲೆಕ್ಕದ ಮರೆಗಳಿವೆ. ಎರಡೂ ನಟ್ಟುಗಳು ನೋಡಲು ಅಣ್ಣತಮ್ಮಂದಿರ ಹಾಗೆ ಇರುತ್ತವೆ, ಎರಡು ಸುತ್ತು ಸಲೀಸಾಗಿ ಹೋಗಲೂಬಹುದು. ಮೂರನೇ ಸುತ್ತಿಗೆ ಬಿಗಿ ಬಂದರೆ ಅಲ್ಲೇ ನಿಲ್ಲಿಸಿ, ಪಿಚ್ ಗೇಜ್ ಇಟ್ಟು ನೋಡಿ. ಸ್ಪ್ಯಾನರಿನ ಬಲದಿಂದ ಕೂರಿಸಿದ ನಟ್ಟು ಮರೆ ತಿಂದಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಡ್ರಮ್ ಬ್ರೇಕಿನ ಗಾಡಿಯಲ್ಲಿ ಮುಂದಿನ ಬ್ರೇಕ್ ಪ್ಲೇಟು ತಿರುಗದ ಹಾಗೆ ಫೋರ್ಕಿನ ಕಡೆಯಿಂದ ಒಂದು ಹಿಡಿತ ಇರುತ್ತದೆ. ಬೇರೆ ಗಾಡಿಯ ಬಾಟಮ್ ಹಾಕಿದಾಗ ಚಕ್ರ ಕೂರುತ್ತದೆ, ಆಕ್ಸಲ್ ಕೂರುತ್ತದೆ, ಆದರೆ ಆ ಹಿಡಿತ ಸರಿಯಾಗಿ ಸಿಗದೇ ಹೋಗಬಹುದು. ಗ್ಯಾರೇಜಿನ ಮುಂದೆ ನಿಧಾನಕ್ಕೆ ಒಂದು ಸುತ್ತು ಓಡಿಸಿದರೆ ಏನೂ ತಿಳಿಯುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದ ದಿನ ಪ್ಲೇಟು ತಿರುಗಿ ಚಕ್ರ ಕಚ್ಚಿಕೊಳ್ಳುತ್ತದೆ. ನಮ್ಮ ರಸ್ತೆಗಳು ನಿಮಗೆ ಗೊತ್ತಲ್ಲ. ವಿ.ಸಿ. ನಾಲೆಯ ಏರಿ, ಕಬ್ಬಿನ ಟ್ರ್ಯಾಕ್ಟರು, ಸುಗ್ಗಿಯಲ್ಲಿ ಟಾರಿನ ಮೇಲೆ ಹರಡಿದ ರಾಗಿ ಹುಲ್ಲು. ಹಿಂದೆ ಹೆಂಡತಿ, ಮುಂದೆ ಮಗು ಕೂತಿರುತ್ತಾರೆ. ಅವರ್‍ಯಾರೂ ನಿಮ್ಮ ಕೆಲಸವನ್ನು ಪರೀಕ್ಷೆ ಮಾಡಿ ಕೂರುವುದಿಲ್ಲ, ನಂಬಿ ಕೂರುತ್ತಾರೆ ಕಣ್ರಪ್ಪ.

ಆದ್ದರಿಂದ ಬಿರುಕು ಬಿಟ್ಟ ಪೈಪಿಗೆ ವೆಲ್ಡಿಂಗ್ ಬೇಡ. ಡೊಂಕು ಪೈಪನ್ನು ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡುವುದು ಬೇಡ. ಕಾಯಿಸಿದ ಉಕ್ಕು ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಬುಷ್ ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿ, ಆದರೆ ಅಳತೆಯ ಚೀಟಿ ಕೊಟ್ಟು ಮಾಡಿಸಿ. ನಾಗಮಂಗಲ ಕಂಚಿನ ಕೆಲಸಕ್ಕೆ ಹೆಸರಾದ ಊರು. ಅಲ್ಲಿಯ ಕುಶಲಿಗಳಿಗೆ ಅಳತೆ ಎಂದರೆ ಮರ್ಯಾದೆಯ ವಿಷಯ. ನಮಗೂ ಹಾಗೇ ಇರಲಿ. ಗಿರಾಕಿ "ಏನೋ ಒಂದು ಹಾಕಿ ಕೊಡಪ್ಪ" ಅಂದರೂ, "ಅಣ್ಣ, ಇದು ನಿಮ್ಮ ಗಾಡಿದಲ್ಲ, ಹಾಕೋದಿಲ್ಲ" ಅನ್ನುವ ಧೈರ್ಯ ಬೇಕು. ಆ ದಿನ ಕೂಲಿ ಹೋಗಬಹುದು. ಹೆಸರು ಉಳಿಯುತ್ತದೆ.

ಈಗ ಸಂಘದ ಅಕ್ಕಂದಿರಿಗೆ ಒಂದು ಮಾತು. ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ತೀರಿಹೋದ ಯಜಮಾನರ ಜಾವಾನೋ ಯೆಜ್ಡಿಯೋ ಗೋಡೆಗೆ ಒರಗಿ ನಿಂತಿದೆ. ತೂಕದ ಲೆಕ್ಕದಲ್ಲಿ ಕೇಳಿಕೊಂಡು ಬರುವವರು ಇದ್ದಾರೆ. ಅವಸರದಲ್ಲಿ ಕೊಡಬೇಡಿ. ಮೂಲ ಫೋರ್ಕು, ಮೂಲ ಹೊದಿಕೆ ಇರುವ ಗಾಡಿಗೆ ಇವತ್ತು ಹುಡುಕಿಕೊಂಡು ಬರುವ ಆಸಕ್ತರಿದ್ದಾರೆ. ತರಬೇತಿ ಪಡೆದ ಈ ಹುಡುಗರನ್ನು ಕರೆಸಿ, ಏನೇನು ಮೂಲದ್ದು ಅಂತ ಪಟ್ಟಿ ಮಾಡಿಸಿ, ಆಮೇಲೆ ಬೆಲೆ ಮಾತಾಡಿ. ಮಾಲೀಕರು ತೀರಿಕೊಂಡಿದ್ದರೆ ಸಾರಿಗೆ ಕಚೇರಿಯಲ್ಲಿ ಫಾರಂ 31ರ ಮೂಲಕ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮಾರುವಾಗ ಫಾರಂ 29 ಮತ್ತು 30. ಕಾಗದವಿಲ್ಲದೆ ಮಾರಿದ ಗಾಡಿ ಎಲ್ಲಾದರೂ ಅಪಘಾತ ಮಾಡಿದರೆ ಪೊಲೀಸರು ಹುಡುಕುವುದು ನಿಮ್ಮ ಮನೆಯನ್ನೇ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ವಿಂಟೇಜ್ ನೋಂದಣಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ದಿನಾ ಹಾಲು ಹಾಕಲು ಹೋಗುವವರಿಗೆ ಅದು ಸರಿಹೋಗದು.

ಹುಡುಗರೇ, ನಿಮಗೂ ಅಷ್ಟೇ. ಗುರುತು ಹಿಡಿಯುವ ವಿದ್ಯೆ ಕಲಿತವನಿಗೆ ಗೊತ್ತಿಲ್ಲದವರನ್ನು ಮೋಸ ಮಾಡುವುದೂ ಸುಲಭ. ವಿಧವೆಯೊಬ್ಬಳ ಕೊಟ್ಟಿಗೆಯಲ್ಲಿ ಒಳ್ಳೆಯ ಮಾಲು ಕಂಡು, ಗುಜರಿ ಬೆಲೆ ಹೇಳಿ ಎತ್ತಿಕೊಂಡು ಬಂದರೆ ಆ ವಿದ್ಯೆಗೆ ಏನು ಬೆಲೆ?

ಪೋಪ್ ಫ್ರಾನ್ಸಿಸರು 2015ರ ಲೌದಾತೋ ಸೀ ಪತ್ರದಲ್ಲಿ ಬಳಸಿ ಬಿಸಾಡುವ ಚಾಳಿಯ ವಿರುದ್ಧ ನಮ್ಮನ್ನು ಎಚ್ಚರಿಸಿದ್ದಾರೆ. ಒಂದು ಹಳೆಯ ಫೋರ್ಕನ್ನು ಸರಿಯಾಗಿ ಉಳಿಸಿದರೂ ಆ ಮಾತು ಪಾಲಿಸಿದಂತೆಯೇ. ಸಂತ ಜೋಸೆಫರು ಕೂಡ ಅಳತೆಗೋಲು ಹಿಡಿದು ದುಡಿದವರೇ ತಾನೇ?

ನಾಲ್ಕು ತಾಲ್ಲೂಕಿನವರೂ ಒಂದೊಂದು ನೋಟ್‌ಬುಕ್ ಇಡಿ. ಅಳೆದ ಪ್ರತಿ ಪೈಪು, ಸೀಲು, ಸ್ಪ್ರಿಂಗಿನ ಅಂಕಿಯನ್ನು ಗಾಡಿಯ ಮಾದರಿ, ವರ್ಷದ ಜೊತೆ ಬರೆಯಿರಿ. ಮೂರು ತಿಂಗಳಿಗೊಮ್ಮೆ ಸೇರಿ ಹಂಚಿಕೊಳ್ಳಿ. ನಮ್ಮ ಹಿರಿಯ ಮೇಸ್ತ್ರಿಗಳ ತಲೆಯಲ್ಲಿರುವುದು ಅವರೊಂದಿಗೇ ಹೋಗಬಾರದು. ಅದನ್ನು ಬರೆದಿಡುವುದು ನಿಮ್ಮ ಹೊಣೆ. ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.