ಮನೆಯ ಪೆಟ್ಟಿಗೆಯ ಹಳೆಯ ಪತ್ರಗಳೂ ನಾಡಿನ ಚರಿತ್ರೆಯೂ

(ಹೆಸರಘಟ್ಟದಲ್ಲಿ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ದೇವಾಲಯವೊಂದು ನೂರು ವರ್ಷ ತುಂಬಿದಾಗ ಅದರ ಚರಿತ್ರೆಯನ್ನು ಬರೆದಿಡಬೇಕೆಂಬ ಬಯಕೆ ಮೂಡುವುದು ಸಹಜ. ಆದರೆ ಬರೆಯಲು ಕುಳಿತವರಿಗೆ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಸುಲಭವಾಗಿ ದೊರೆಯುತ್ತದೆ. ಪೂಜೆಗೆ ಬಂದು ಮೊಣಕಾಲೂರಿದ ಜನರ ಬದುಕಿನ ವಿವರ ದೊರೆಯುವುದಿಲ್ಲ. ಅವರು ಯಾರ ಹೊಲವನ್ನು ಉಳುತ್ತಿದ್ದರು, ಯಾರಲ್ಲಿ ಸಾಲ ತಂದರು, ಮಗಳ ಮದುವೆಗೆ ಏನನ್ನು ಅಡವಿಟ್ಟರು? ಇದಕ್ಕೆ ಉತ್ತರ ಬಹುಮಟ್ಟಿಗೆ ನಿಮ್ಮ ಮನೆಗಳ ಮರದ ಪೆಟ್ಟಿಗೆಗಳಲ್ಲಿದೆ ಎಂಬುದೇ ಇಂದಿನ ನಮ್ಮ ಅರಿಕೆ. ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ಕಂದಾಯದ ರಸೀದಿ, ಅಂಗಡಿಯ ಕಿರ್ದಿ ಪುಸ್ತಕ ಇವು ಕಾನೂನಿನ ದೃಷ್ಟಿಯಿಂದ ಅವಧಿ ಮೀರಿದವುಗಳಾಗಿರಬಹುದು. ಸಾಕ್ಷಿಯ ದೃಷ್ಟಿಯಿಂದ ಅವುಗಳಿಗೆ ಅವಧಿಯೇ ಇಲ್ಲ.

ನಮ್ಮ ನಾಡಿನಲ್ಲಿ ಕಲ್ಲಿನ ಬರಹಕ್ಕೆ ಗೌರವ ದೊರೆತಿದೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಸಾವಿರಾರು ಶಾಸನಗಳನ್ನು ಸಂಗ್ರಹಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟವನ್ನು 1905ರಲ್ಲಿ ಹೊರತಂದರು. ಹೆಬ್ಬಾಳದಲ್ಲಿ ದೊರೆತ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಈ ಉತ್ತರ ಭಾಗದ ಪ್ರಾಚೀನತೆಯನ್ನು ಸಾರುತ್ತಿದೆ. ಆದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು ದಾನಿಗಳು, ವೀರರು, ಅಧಿಕಾರಿಗಳು. ಸಾಮಾನ್ಯ ಒಕ್ಕಲಿನವನ ಹೆಸರು ಉಳಿದಿರುವುದು ಕಾಗದದಲ್ಲಿ, ಓಲೆಯಲ್ಲಿ, ಕಡತದಲ್ಲಿ. ಕಡತವೆಂದರೆ ಇಂದು ಕಚೇರಿಯ ಫೈಲು. ಹಿಂದೆ ಅದು ಇದ್ದಿಲ ಪುಡಿಯನ್ನೂ ಹುಣಿಸೆಬೀಜದ ಅಂಟನ್ನೂ ಬಳಿದು ಮಡಿಸಿದ ಕಪ್ಪು ಬಟ್ಟೆಯಾಗಿತ್ತು. ವರ್ತಕರೂ ಮಠಗಳವರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು.

ಇಂತಹ ಪತ್ರಗಳ ಬೆಲೆಯನ್ನು ತೋರಿಸುವ ಎರಡು ನಿದರ್ಶನಗಳನ್ನು ಹೇಳುತ್ತೇವೆ. 1916ರಲ್ಲಿ ಮೈಸೂರು ಪ್ರಾಚ್ಯ ಸಂಶೋಧನ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳ ಕಟ್ಟನ್ನು ಬೆಳಕಿಗೆ ತಂದರು. 1791ರಲ್ಲಿ ಮರಾಠಾ ದಂಡಿನವರು ಮಠವನ್ನು ಸೂರೆಮಾಡಿದ ಬಳಿಕ ಸುಲ್ತಾನನು ಜಗದ್ಗುರುಗಳಿಗೆ ನೆರವು ನೀಡಿದ ಸಂಗತಿ ಅವುಗಳಿಂದ ತಿಳಿದುಬಂದಿತು. ಒಂದು ಮಠ ತನ್ನ ಪತ್ರಗಳನ್ನು ಎಸೆಯದೆ ಇಟ್ಟುಕೊಂಡದ್ದರಿಂದ ಇಡೀ ನಾಡಿನ ಚರಿತ್ರೆಯ ಒಂದು ಪುಟವನ್ನು ಹೊಸದಾಗಿ ಬರೆಯಬೇಕಾಯಿತು.

ಎರಡನೆಯದು ಇನ್ನೂ ವಿಸ್ಮಯಕರ. ಈಜಿಪ್ಟಿನ ಹಳೆಯ ಕೈರೋ ನಗರದಲ್ಲಿ ಯೆಹೂದ್ಯರ ಒಂದು ಪ್ರಾರ್ಥನಾಮಂದಿರವಿದೆ. ದೇವರ ನಾಮ ಬರೆದಿರಬಹುದಾದ ಯಾವ ಕಾಗದವನ್ನೂ ನಾಶಮಾಡಬಾರದೆಂದು ಅಲ್ಲಿನವರು ಹಳೆಯ ಪತ್ರಗಳನ್ನೆಲ್ಲ ಒಂದು ಕೋಣೆಯಲ್ಲಿ ಹಾಕುತ್ತಿದ್ದರು. ಆ ರಾಶಿ 1896ರ ಸುಮಾರಿಗೆ ವಿದ್ವಾಂಸರ ಗಮನಕ್ಕೆ ಬಂದಿತು. ಅದರಲ್ಲಿ ನಮ್ಮ ಮಂಗಳೂರಿನ ಸುದ್ದಿಯಿತ್ತು! 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನ ಪತ್ರಗಳು, ಲೆಕ್ಕದ ಚೀಟಿಗಳು, ಅವನ ಪರವಾಗಿ ವ್ಯವಹರಿಸುತ್ತಿದ್ದ ಬೊಮ್ಮ ಎಂಬವನ ಹೆಸರು, ಆಶು ಎಂಬ ದಾಸಿಯನ್ನು 1132ರ ಅಕ್ಟೋಬರ್ 17ರಂದು ಬಿಡುಗಡೆ ಮಾಡಿದ ಪತ್ರ ಅಲ್ಲಿ ದೊರೆತವು. ಯಾವ ಶಾಸನವೂ ನೆನೆಯದ ಬೊಮ್ಮನೂ ಆಶುವೂ ವ್ಯಾಪಾರದ ಚೀಟಿಗಳಿಂದಲೂ ಒಂದು ಕಾನೂನು ಪತ್ರದಿಂದಲೂ ಚರಿತ್ರೆಗೆ ಸೇರಿದರು.

ಇನ್ನು ನಮ್ಮ ಊರಿನ ಪತ್ರಗಳತ್ತ ತಿರುಗೋಣ. ಹಳೆಯ ಕ್ರಯಪತ್ರವೊಂದನ್ನು ತಾಳ್ಮೆಯಿಂದ ಓದಿದರೆ ಎಷ್ಟು ವಿಷಯಗಳು ದೊರೆಯುತ್ತವೆ! ಮೊದಲು ಸಂವತ್ಸರ, ಮಾಸ, ತಿಥಿ. ಬಳಿಕ ಕೊಂಡವರ ಮತ್ತು ಕೊಟ್ಟವರ ಹೆಸರು, ತಂದೆಯ ಹೆಸರು, ಜಾತಿ, ಕಸುಬು, ಊರು. ಭೂಮಿಯ ಅಳತೆ ಎಕರೆ ಗುಂಟೆಗಳಲ್ಲಿರದೆ ಖಂಡುಗ, ಕೊಳಗಗಳ ಬಿತ್ತನೆಯ ಲೆಕ್ಕದಲ್ಲಿದ್ದರೆ ಹೊಲವನ್ನು ಅದರಲ್ಲಿ ಬಿತ್ತುವ ಕಾಳಿನಿಂದ ಅಳೆಯುತ್ತಿದ್ದ ಕಾಲದ ನೆನಪು ಅದು. ಮುಂದೆ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂಬ ಮಾತುಗಳು ಬರುತ್ತವೆ. ಅರಸರ ಶಿಲಾಶಾಸನಗಳಲ್ಲಿ ದಾನಭೂಮಿಗೆ ಹೇಳುತ್ತಿದ್ದ ಮಾತುಗಳೇ ಛಾಪಾ ಕಾಗದದ ಮೇಲೆ ಬಡ ರೈತನ ಅರ್ಧ ಎಕರೆಗೂ ಸಂದಿವೆ.

ಎಲ್ಲಕ್ಕಿಂತ ಅಮೂಲ್ಯವಾದುದು ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಗೋಮಾಳ ಎಂದು ಬರೆದ ನಾಲ್ಕು ಸಾಲುಗಳೇ ಊರಿನ ಹಳೆಯ ನಕ್ಷೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯವನ್ನು ಕಟ್ಟಿದರು. 1896ರಿಂದ ಅದರ ನೀರು ಬೆಂಗಳೂರಿಗೆ ಹರಿಯಿತು. ಕಟ್ಟೆಯ ಲೆಕ್ಕ ಸರ್ಕಾರದ ದಾಖಲೆಗಳಲ್ಲಿ ದೊರೆತೀತು. ಆದರೆ ಜಲಾಶಯದ ಅಂಚಿನ ಹೊಲಗಳು ಯಾರವಾಗಿದ್ದವು, ದಾರಿಗಳು ಎತ್ತ ತಿರುಗಿದವು ಎಂಬುದನ್ನು ಅರಿಯಲು 1894ಕ್ಕೆ ಹಿಂದಿನ ಪತ್ರವನ್ನೂ ಮುಂದಿನ ಪತ್ರವನ್ನೂ ಅಕ್ಕಪಕ್ಕ ಇಟ್ಟು ಚಕ್ಕುಬಂದಿಯನ್ನು ಹೋಲಿಸಬೇಕು.

ಸಂವತ್ಸರದ ಹೆಸರೂ ಮಾತನಾಡುತ್ತದೆ. ಧಾತು, ಈಶ್ವರ ಸಂವತ್ಸರಗಳು 1876ರಿಂದ 1878ರವರೆಗಿನ ಮಹಾಕ್ಷಾಮದ ವರ್ಷಗಳು. 1871ರಲ್ಲಿ 50 ಲಕ್ಷಕ್ಕೂ ಮಿಗಿಲಾಗಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆ ಸಂವತ್ಸರದ ಭೋಗ್ಯಪತ್ರವೊಂದು ನಿಮ್ಮ ಕೈಗೆ ಬಂದರೆ, ಅಲ್ಪ ಮೊಬಲಗಿಗೆ ಹೊಲ ಏಕೆ ಕೈಬಿಟ್ಟಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅನಾಥರಾದ ಮಕ್ಕಳನ್ನು ಧರ್ಮಪ್ರಚಾರಕ ಗುರುಗಳು ಸಾಕಿದ ಕಾಲವೂ ಅದೇ. ನೆರೆಯ ಸಿಲುವೆಪುರದ ಹೆಸರೇ ಒಂದು ದಾಖಲೆಯಂತಿದೆ.

ಇಲ್ಲಿ ದೇವಾಲಯದ ಪುಸ್ತಕಗಳೂ ಪತ್ರಗಳ ಜೊತೆಗೂಡುತ್ತವೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ಜ್ಞಾನಸ್ನಾನ ಮತ್ತು ವಿವಾಹಗಳ ಪುಸ್ತಕಗಳನ್ನು ಇಡಬೇಕೆಂದು ವಿಧಿಸಿತು. 1983ರ ಧರ್ಮಸಭೆಯ ಕಾನೂನು ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂದು ಹೇಳುತ್ತದೆ. ಪತ್ರದಲ್ಲಿ ಹೆಬ್ಬೆಟ್ಟೊತ್ತಿದ ಸಾಕ್ಷಿಯೊಬ್ಬನು ಯಾರೆಂದು ತಿಳಿಯಬೇಕಾದರೆ ಜ್ಞಾನಸ್ನಾನದ ಪುಸ್ತಕ ನೆರವಾಗುತ್ತದೆ. ಪುಸ್ತಕದಲ್ಲಿ ಬರಿಯ ಹೆಸರಾಗಿ ಉಳಿದವನ ಬಾಳನ್ನು ಪತ್ರ ತಿಳಿಸುತ್ತದೆ.

ಆದರೆ ಪತ್ರ ಹೇಳಿದ್ದೆಲ್ಲವೂ ಪೂರ್ಣಸತ್ಯವಲ್ಲ. ಸಾಲದ ಪತ್ರವನ್ನು ಬರೆಸಿದವನು ಸಾಲಗಾರನಲ್ಲ, ಸಾಹುಕಾರ. ಜೀತದ ಕರಾರಿನಲ್ಲಿ ‘ಸ್ವಸಂತೋಷದಿಂದ ಒಪ್ಪಿ’ ಎಂಬಂಥ ಮಾತಿದ್ದರೆ ಅದನ್ನು ನಂಬಬೇಕಾಗಿಲ್ಲ. ಜೀತಪದ್ಧತಿಯನ್ನು ರದ್ದುಮಾಡಲು 1976ರಲ್ಲಿ ಕಾಯಿದೆಯೇ ಬೇಕಾಯಿತು. ಆದರೂ ಆ ಕರಾರನ್ನು ಉಳಿಸಬೇಕು. ನೊಂದವನ ಹೆಸರನ್ನು ಹೇಳುವ ಸಾಕ್ಷಿ ಬಹುಶಃ ಅದೊಂದೇ.

ಇಂದು ಈ ಪತ್ರಗಳು ಬೇಗಬೇಗನೆ ಕಣ್ಮರೆಯಾಗುತ್ತಿವೆ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಾಗ ಎಷ್ಟೋ ಪುಸ್ತಕಗಳು ಮನೆಗಳಲ್ಲಿಯೇ ಉಳಿದುಹೋದದ್ದುಂಟು. ಪಹಣಿಗಳು ಗಣಕಯಂತ್ರಕ್ಕೆ ಸೇರಿದ ಮೇಲೆ ಹಳೆಯ ಪತ್ರ ಬೇಡವೆಂಬ ಭಾವನೆ ಬೆಳೆಯಿತು. ಹೊಲ ಬಡಾವಣೆಯಾಗುತ್ತದೆ, ಮನೆ ಕೆಡವುತ್ತಾರೆ, ಪೆಟ್ಟಿಗೆಯಲ್ಲಿದ್ದುದು ರದ್ದಿಯವನ ತಕ್ಕಡಿಗೆ ಬೀಳುತ್ತದೆ. ಹೊಲದ ಜೊತೆಗೆ ಹೊಲದ ನೆನಪೂ ಹೋಗುತ್ತದೆ.

ಆದುದರಿಂದ ನಮ್ಮ ಸಲಹೆಗಳು ಇಷ್ಟು. ಮೂಲಪತ್ರವನ್ನು ಮನೆಯವರಿಂದ ಕಿತ್ತುಕೊಳ್ಳಬೇಡಿ. ಛಾಯಾಚಿತ್ರ ತೆಗೆದು ಪತ್ರವನ್ನು ಅಲ್ಲಿಯೇ ಬಿಡಿ. ಯಾರ ಮನೆಯದು, ಯಾವ ಕಟ್ಟಿನೊಳಗಿತ್ತು, ಯಾವ ದಿನ ನೋಡಿದಿರಿ ಎಂಬುದನ್ನು ತಪ್ಪದೆ ಬರೆದಿಡಿ. ಒಂದು ಕಟ್ಟಿನ ಪತ್ರಗಳನ್ನು ಚೆದುರಿಸಬೇಡಿ. ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ; ತುಕ್ಕು ಹಿಡಿದ ಗುಂಡುಸೂಜಿಯನ್ನು ತೆಗೆದು, ಒಣ ಸ್ಥಳದಲ್ಲಿ ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮೋಡಿ ಅಕ್ಷರದ, ಕೂಡುಬರಹದ ಪತ್ರಗಳನ್ನು ಓದಬಲ್ಲ ಹಿರಿಯರಿದ್ದರೆ ಇಂದೇ ಅವರ ಪಕ್ಕದಲ್ಲಿ ಒಬ್ಬ ಯುವಕನನ್ನೋ ಯುವತಿಯನ್ನೋ ಕುಳ್ಳಿರಿಸಿ. ವ್ಯಾಜ್ಯದಲ್ಲಿರುವ ಆಸ್ತಿಯ ಪತ್ರವನ್ನು, ಬದುಕಿರುವವರ ಸಾಲದ ವಿವರವನ್ನು ಪ್ರಕಟಿಸಬೇಡಿ. ಮನೆಯಲ್ಲಿ ಇಡಲಾಗದವರು ರಾಜ್ಯ ಪತ್ರಾಗಾರದವರನ್ನು ವಿಚಾರಿಸಬಹುದು.

ಶತಮಾನೋತ್ಸವದ ನೆನಪಿಗೆ ಪ್ರತಿ ಕುಟುಂಬವೂ ಒಂದೊಂದು ಹಳೆಯ ಪತ್ರದ ಪ್ರತಿಯನ್ನು ಧರ್ಮಕೇಂದ್ರಕ್ಕೆ ಒಪ್ಪಿಸಲಿ ಎಂಬುದು ನಮ್ಮ ಬಿನ್ನಹ. ಮುಂದಿನ ನೂರು ವರ್ಷಗಳ ಬಳಿಕ ಈ ಊರಿನ ಚರಿತ್ರೆಯನ್ನು ಬರೆಯುವವರು ನಿಮ್ಮ ಅಜ್ಜ ಅಜ್ಜಿಯರನ್ನು ಅವರ ಹೆಸರು ಹಿಡಿದು ಕರೆಯುವಂತಾಗಲಿ.