ಒಗಟಿನಿಂದ ಪದಬಂಧಕ್ಕೆ: ಸುಳಿವು ಬಿಡಿಸುವ ಬಗೆ

(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನೂರು ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಪದಬಂಧದಂಥ ಆಟದ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕ್ಷಮೆಯಿರಲಿ. ಆಟದಿಂದ ತೊಡಗಿ, ನಮ್ಮ ಮನೆಗಳಲ್ಲಿರುವ ಒಂದು ಚಿಂತೆಯ ಬಳಿಗೆ ಬರುವುದು ನನ್ನ ಉದ್ದೇಶ.

ಮೊದಲ ಪದಬಂಧ ಅಮೆರಿಕದಲ್ಲಿ ಪ್ರಕಟವಾಯಿತು. ೧೯೧೩ರ ಡಿಸೆಂಬರ್ ೨೧ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಅದನ್ನು ವಜ್ರದ ಆಕಾರದಲ್ಲಿ ರಚಿಸಿದ್ದರು. ಇಂಗ್ಲೆಂಡಿಗೆ ಹೋದ ಮೇಲೆ ಅದರ ಸುಳಿವುಗಳು ಗೂಢವಾದವು. ೧೯೨೬ರಿಂದ 'ಅಬ್ಸರ್ವರ್' ಪತ್ರಿಕೆಗೆ 'ಟಾರ್ಕ್ವಿಮಾಡ' ಎಂಬ ಗುಪ್ತನಾಮದಿಂದ ಪದಬಂಧ ರಚಿಸಿದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಈ ಬಗೆಯ ಆದ್ಯರಲ್ಲೊಬ್ಬರು. ೧೯೩೦ರ ಫೆಬ್ರವರಿ ೧ರಿಂದ ಲಂಡನ್ನಿನ 'ಟೈಮ್ಸ್' ಕೂಡ ಪದಬಂಧವನ್ನು ಅಚ್ಚು ಮಾಡತೊಡಗಿತು.

ಹೆಸರು ಹೊಸದಾದರೂ ಮಾತನ್ನು ಮರೆಮಾಡಿ ಆಡುವ ಕಲೆ ನಮಗೆ ಹಳೆಯದು. ದಂಡಿಯು 'ಕಾವ್ಯಾದರ್ಶ'ದಲ್ಲಿ ೧೬ ಬಗೆಯ ಪ್ರಹೇಲಿಕೆಗಳನ್ನು ವಿಂಗಡಿಸಿದ್ದಾನೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ. ಅವುಗಳನ್ನು ಬಿಡಿಸಿ ಹೇಳುವುದಕ್ಕಾಗಿ ಟೀಕೆ ಬರೆದವರೂ ಇದ್ದಾರೆ. ಅಂದರೆ ಒಗಟನ್ನು ಕಟ್ಟುವುದರಷ್ಟೇ ಅದನ್ನು ವಿವರಿಸುವುದೂ ನಮ್ಮಲ್ಲಿ ವಿದ್ಯೆಯೆನಿಸಿತ್ತು. ನಮ್ಮ ಕಾಲದಲ್ಲಿ ಕನ್ನಡ ಪತ್ರಿಕೆಗಳು ಪದಬಂಧಕ್ಕೆ ಸ್ಥಳ ನೀಡಿವೆ. ಅ.ನಾ. ಪ್ರಹ್ಲಾದರಾವ್ ಅವರೊಬ್ಬರೇ ಸಾವಿರಾರು ಪದಬಂಧಗಳನ್ನು ರಚಿಸಿದ್ದಾರೆ. ಆದರೆ ಕನ್ನಡದ ಪದಬಂಧಗಳಲ್ಲಿ ಸುಳಿವು ಬಹುಮಟ್ಟಿಗೆ ಅರ್ಥವನ್ನು ನೇರವಾಗಿ ಸೂಚಿಸುವಂಥದು. ಗೂಢ ಸುಳಿವಿನ ರೀತಿಯೇ ಬೇರೆ.

ಒಗಟು ವಸ್ತುವನ್ನು ಒಂದು ಕಡೆಯಿಂದ ಮಾತ್ರ ತೋರಿಸುತ್ತದೆ. ಗೂಢ ಸುಳಿವಿನಲ್ಲಿ ಉತ್ತರಕ್ಕೆ ಎರಡು ದಾರಿಗಳಿರುತ್ತವೆ: ಒಂದು ಅರ್ಥ, ಇನ್ನೊಂದು ಅಕ್ಷರಗಳ ಆಟ. ಅರ್ಥವು ಸಾಮಾನ್ಯವಾಗಿ ವಾಕ್ಯದ ಮೊದಲಲ್ಲೋ ಕೊನೆಯಲ್ಲೋ ಇರುತ್ತದೆ. ಎರಡೂ ದಾರಿಗಳು ಒಂದೇ ಪದವನ್ನು ಮುಟ್ಟಿದಾಗ ಉತ್ತರ ಸರಿಯೆಂದು ಯಾರನ್ನೂ ಕೇಳದೆ ತಿಳಿಯುತ್ತದೆ. ರಚಿಸುವವನು ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ.

ನಾನೇ ಕಟ್ಟಿದ ಕೆಲವು ಸುಳಿವುಗಳನ್ನು ನಿಮ್ಮ ಮುಂದಿಡುತ್ತೇನೆ. ಆವರಣದಲ್ಲಿರುವುದು ಅಕ್ಷರಗಳ ಸಂಖ್ಯೆ.

'ಆನೆ ತಿರುಗಿ ನಿಂತರೆ ಪ್ರಪಂಚ (೨).' ಮರುದಮಲೆಯ ತಪ್ಪಲಿನವರಿಗೆ ಕಾಡಿನ ಆನೆಯೇ ಕಣ್ಣಿಗೆ ಕಟ್ಟಬಹುದು. ಅದನ್ನು ಮರೆಯಿರಿ. ಆನೆಯೆಂದರೆ 'ಗಜ', ಅದನ್ನು ತಿರುಗಿಸಿದರೆ 'ಜಗ'. ಕೊನೆಯ ಪದ 'ಪ್ರಪಂಚ' ಅದರ ಅರ್ಥ.

'ಲೋಕ ಮಲಗಿದರೂ ಒಳಗೆ ಅರಳಿದ ಹೂ (೩).' ಇದು ಕವಿತೆಯ ಸಾಲಿನಂತೆ ಕಾಣುತ್ತದೆ. 'ಒಳಗೆ' ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಿ. 'ಲೋಕ ಮಲಗಿದರೂ' ಎಂಬುದರ ಒಳಗೇ 'ಕಮಲ' ಅಡಗಿದೆ.

'ಯುದ್ಧದ ತಲೆ ತೆಗೆದರೆ ನೆರಳು ಕೊಡುವುದು (೨).' ಯುದ್ಧವೆಂದರೆ 'ಸಮರ'. ಅದರ ತಲೆಯಾದ 'ಸ' ಹೋದರೆ ಉಳಿಯುವುದು 'ಮರ'.

'ಓಲೆಯ ಹಿಂದಿನದು ಗ್ರಾಮದೊಡನೆ ಬೆರೆತರೆ ಬನಿಯನ್ ಪಟ್ಟಣ (೪).' ಓಲೆಯನ್ನು ಕಿವಿಯ ಹಿಂದೆ ಬಿಗಿಮಾಡುವುದು 'ತಿರುಪು', ಗ್ರಾಮವೆಂದರೆ 'ಊರು'. ಲೋಪಸಂಧಿ ಮಾಡಿದರೆ 'ತಿರುಪೂರು'. ಊರಿಗೆ ಹೆಸರು ಬಂದದ್ದು ಹೀಗೆಂದು ಯಾರೂ ತಿಳಿಯಬಾರದು. ಇದು ಅಕ್ಷರದ ಆಟ, ಸ್ಥಳನಾಮದ ಚರಿತ್ರೆಯಲ್ಲ. ಆದರೆ ಎಂಟನೆಯ ತರಗತಿಯಲ್ಲಿ ನಿದ್ದೆ ಬರಿಸುತ್ತಿದ್ದ ಸಂಧಿಪ್ರಕರಣ ಇಲ್ಲಿ ಬೀಗದ ಕೈಯಾಗುತ್ತದೆ.

ಇಂಗ್ಲಿಷಿನಲ್ಲಿ ಒಂದೊಂದು ಚೌಕಕ್ಕೆ ಒಂದೊಂದು ವರ್ಣ. ಕನ್ನಡದಲ್ಲಿ ಚೌಕ ತುಂಬುವುದು ಇಡೀ ಅಕ್ಷರ. ಗುಣಿತವೂ ಒತ್ತಕ್ಷರವೂ ಅನುಸ್ವಾರವೂ ಅದರೊಡನೆಯೇ ಬರುತ್ತವೆ. ಹೀಗಾಗಿ ವರ್ಣಗಳನ್ನು ಕಲಸಿ ಹೊಸ ಪದ ಮಾಡುವ ಇಂಗ್ಲಿಷಿನ ತಂತ್ರ ನಮಗೆ ಸುಲಭವಾಗಿ ಒಗ್ಗುವುದಿಲ್ಲ. ತಿರುಗಿಸುವುದು, ಅಡಗಿಸುವುದು, ಕತ್ತರಿಸುವುದು, ಸಂಧಿ ಮಾಡುವುದು ಚೆನ್ನಾಗಿ ಒಗ್ಗುತ್ತವೆ.

ಇನ್ನು ನಾನು ಹೇಳಿದ ಚಿಂತೆಗೆ ಬರುತ್ತೇನೆ. ಈ ಶಾಲೆ ಆರಂಭವಾದ ಕಾಲದಲ್ಲಿ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ೧೯೫೬ರ ನವೆಂಬರ್ ೧ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಇಲ್ಲಿಯೇ ಉಳಿದೆವು. ೨೦೦೯ರಲ್ಲಿ ತಿರುಪೂರು ಬೇರೆ ಜಿಲ್ಲೆಯಾಯಿತು. ಗಡಿಗಳು ಬದಲಾದರೂ ಮನೆಮಾತು ಬದಲಾಗಲಿಲ್ಲ. ದೇವಾಂಗ, ಒಕ್ಕಲಿಗ ಮೊದಲಾದ ಸಮುದಾಯಗಳ ಎಷ್ಟೋ ಮನೆಗಳಲ್ಲಿ ಮಗ್ಗದ ಬಳಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಇಂದಿಗೂ ಕನ್ನಡವಿದೆ. ಆದರೆ ಆ ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ಕಾಗದ ಬರೆಯುವುದು ತಮಿಳಿನಲ್ಲಿ, ಅರ್ಜಿ ತುಂಬುವುದು ಇಂಗ್ಲಿಷಿನಲ್ಲಿ.

ನನ್ನ ಅಜ್ಜಿಗೆ ಓದುಬರಹ ತಿಳಿದಿರಲಿಲ್ಲ. ಆದರೂ ರಾತ್ರಿ ಊಟವಾದ ಮೇಲೆ ಒಂದರ ಹಿಂದೊಂದರಂತೆ ಒಗಟು ಹಾಕುತ್ತಿದ್ದಳು. ಉತ್ತರ ತಿಳಿಯದವರು ತಮ್ಮದೊಂದು ಊರನ್ನು ಅವಳಿಗೆ ಒಪ್ಪಿಸಬೇಕಾಗಿತ್ತು. ಹಾಗೆ ನಾನು ಸೋತ ಊರುಗಳಿಗೆ ಲೆಕ್ಕವಿಲ್ಲ. ಈಗ ನನ್ನ ಮೊಮ್ಮಗ ತಿರುಪೂರಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದುತ್ತಾನೆ. ಮನೆಯಲ್ಲಿ ನಮ್ಮೊಡನೆ ಕನ್ನಡವಾಡುತ್ತಾನೆ, ಕನ್ನಡ ಓದಲಾರ. ಕಳೆದ ರಜೆಯಲ್ಲಿ ಅವನಿಗೊಂದು ಸುಳಿವು ಕಟ್ಟಿ ಓದಿ ಹೇಳಿದೆ: 'ತಮಿಳಿನ ತಮ್ಮನಿಗೆ ನೀರಿನ ಪಾತ್ರೆ (೩).'

ಹುಡುಗ ಕ್ಷಣಕಾಲ ಯೋಚಿಸಿ, "ತಮ್ಮ ಅಂದ್ರೆ ತಂಬಿ. ತಮ್ಮನಿಗೆ ಅಂದ್ರೆ ತಂಬಿಗೆ. ತಾತಾ, ತಂಬಿಗೆ!" ಎಂದು ಕುಣಿದ. ಎರಡು ಭಾಷೆಗಳ ನಡುವೆ ಬೆಳೆದವನಿಗೆ ಮಾತ್ರ ಅಷ್ಟು ಬೇಗ ಹೊಳೆಯುವ ಉತ್ತರವದು. ಮೂರು ಚೌಕ ಬರೆದು ತುಂಬಲು ಹೇಳಿದೆ. ಅವನು ತನಗೆ ಬರುವ ತಮಿಳು ಲಿಪಿಯಲ್ಲಿ ಬರೆದ. ಅಲ್ಲಿ ಅನುಸ್ವಾರವಿಲ್ಲ; 'ತ' ಒಂದು, 'ಮ್' ಒಂದು, 'ಬಿ' ಒಂದು, 'ಗೆ' ಒಂದು. "ತಾತಾ, ಒಂದು ಮನೆ ಕಡಿಮೆ ಹಾಕಿದ್ದೀರಿ" ಎಂದ.

ಅವನ ಉತ್ತರ ಸರಿಯಾಗಿತ್ತು, ನನ್ನ ಚೌಕಗಳೂ ಸರಿಯಾಗಿದ್ದವು. ಕೊರತೆಯಿದ್ದದ್ದು ನಡುವಿನ ಒಂದು ಸೊನ್ನೆಯಲ್ಲಿ. 'ತ'ದ ಪಕ್ಕಕ್ಕೆ ಆ ಸೊನ್ನೆಯನ್ನಿಟ್ಟು ತೋರಿಸಿದೆ. ತಂ, ಬಿ, ಗೆ. ಅವನು ಅದನ್ನು ನೋಡಿ, "ಇದು ಯಾಕೆ ಹೀಗೆ?" ಎಂದು ಕೇಳಿದ. ಕನ್ನಡದ ಲಿಪಿಯ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಅಂದು ಸಂಜೆಯೊಳಗೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆದ.

ಒಂದು ಸುಳಿವಿನಿಂದ ಭಾಷೆ ಉಳಿಯುತ್ತದೆಂದು ನಾನು ಹೇಳಲಾರೆ. ಮಕ್ಕಳ ಮುಂದಿನ ಓದು, ಉದ್ಯೋಗ ಇವುಗಳ ಬಗ್ಗೆ ಪೋಷಕರಿಗಿರುವ ಆತಂಕ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ನನ್ನ ಮಗನೇ ತನ್ನ ಮಗನನ್ನು ಬೇರೆ ಶಾಲೆಗೆ ಸೇರಿಸಿದ್ದಾನೆ. ಆದರೆ ಮನೆಯಲ್ಲಿ ಕೇಳಿ ಕಲಿತ ಮಾತಿಗೂ ಕಾಗದದ ಮೇಲಿನ ಅಕ್ಷರಕ್ಕೂ ಸೇತುವೆ ಕಟ್ಟಬಲ್ಲದ್ದು ಇಂಥ ಶಾಲೆಯೇ. ನೂರು ವರ್ಷ ಅದು ಮಾಡಿರುವುದು ಆ ಕೆಲಸವನ್ನೇ.

ಅಧ್ಯಾಪಕರಲ್ಲಿ ನನ್ನದೊಂದು ಸಣ್ಣ ಬೇಡಿಕೆಯಿದೆ. ವಾರಕ್ಕೊಂದು ಸುಳಿವನ್ನು ಹೊರಗಿನ ಕರಿಹಲಗೆಯ ಮೇಲೆ ಬರೆಯಿರಿ. ಉತ್ತರವನ್ನಷ್ಟೇ ಕೇಳದೆ, ಹೇಗೆ ಬಂತೆಂದು ವಿವರಿಸುವಂತೆ ಮಕ್ಕಳನ್ನು ಕೇಳಿ. ಪೋಷಕರೇ, ಆ ಸುಳಿವನ್ನು ಮನೆಯ ಹಿರಿಯರ ಕಿವಿಗೆ ಹಾಕಿ. ಓದು ಬಾರದ ಅಜ್ಜಿಗೂ ಅದು ಬಿಡಿಸಬಲ್ಲ ಪಾಠ. ಹಳೆಯ ವಿದ್ಯಾರ್ಥಿಗಳೇ, ನಾವು ಸುಳಿವು ಕಟ್ಟಿ ಕಳುಹಿಸೋಣ. ಮೊದಲ ವಾರದ್ದು ನನ್ನದಿರಲಿ.